ಸುಡಾನಿನಲ್ಲಿ ಕದನವಿರಾಮ ಯಾಕೆ ಉಳಿಯುವುದಿಲ್ಲ?

ನೀವು ಕೇಳಿದ ಪ್ರಶ್ನೆ ಎರಡು ಭಾಗದ್ದು. ಸುಡಾನಿನಲ್ಲಿ ಅಷ್ಟು ಸಲ ಕದನವಿರಾಮ ಘೋಷಣೆಯಾದರೂ ಯುದ್ಧ ಯಾಕೆ ನಿಂತಿಲ್ಲ? ಅಲ್ಲಿ ಜನರ ಸರ್ಕಾರ ಬಂದೀತೆ?

ನಾನು ಹುಣಸೂರು ತಾಲ್ಲೂಕಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಸುಡಾನ್ ನನಗೆ ಹತ್ತಿರವಾದದ್ದು ಒಬ್ಬ ಹುಡುಗನಿಂದ. ನಮ್ಮ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನ ಕೂದಲಿನ ಎಣ್ಣೆ, ಗಿಡಮೂಲಿಕೆ ಮಾರುತ್ತಾ ಆಫ್ರಿಕಾದ ಊರೂರು ಸುತ್ತುವವರು. 2023ರ ಏಪ್ರಿಲ್ 15ರಂದು ಸೇನೆಗೂ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಗೂ ಯುದ್ಧ ಹತ್ತಿಕೊಂಡಾಗ ಕರ್ನಾಟಕದ ಹಲವು ಹಕ್ಕಿಪಿಕ್ಕಿ ಕುಟುಂಬಗಳು ಅಲ್ಲಿದ್ದವು. ಕೆಲವರು ಡಾರ್ಫರ್ ಪ್ರಾಂತ್ಯದ ಎಲ್ ಫಾಶರ್‌ನಲ್ಲಿ ಸಿಕ್ಕಿಕೊಂಡಿದ್ದರು. ನನ್ನ ವಿದ್ಯಾರ್ಥಿಯ ತಂದೆಯೂ ಅಲ್ಲೇ ಇದ್ದರು. ಬೇಸಿಗೆ ರಜೆ. ಹುಡುಗ ದಿನಾ ಸಂಜೆ ಮೊಬೈಲ್ ಹಿಡಿದು ಮನೆಗೆ ಬರುತ್ತಿದ್ದ. "ಸಾ, ಟೀವೀಲಿ ಕದನವಿರಾಮ ಅಂತಾವ್ರೆ. ಅಪ್ಪ ಈಗ ಈಚೆಗೆ ಬರ್ಬೌದಾ?" ಅವನ ಅಪ್ಪ ಕಳಿಸಿದ ಧ್ವನಿ ಸಂದೇಶದಲ್ಲಿ ಮಾತಿನ ಹಿಂದೆಯೇ ಗುಂಡಿನ ಸದ್ದು ಕೇಳುತ್ತಿತ್ತು. ಏನು ಹೇಳಲಿ ನಾನು?

ಏಪ್ರಿಲ್ 24ರ ನಡುರಾತ್ರಿಯಿಂದ 72 ಗಂಟೆ ಕದನವಿರಾಮ ಎಂದು ಅಮೆರಿಕದ ಅಂದಿನ ವಿದೇಶಾಂಗ ಕಾರ್ಯದರ್ಶಿ ಆಂಟನಿ ಬ್ಲಿಂಕೆನ್ ಘೋಷಿಸಿದರು. ಅದೇ ದಿನ ಅಲ್ಲಿದ್ದ ನಮ್ಮವರನ್ನು ಕರೆತರುವ ಭಾರತದ ಆಪರೇಷನ್ ಕಾವೇರಿ ಶುರುವಾಯಿತು. ಮರುದಿನ ಐಎನ್‌ಎಸ್ ಸುಮೇಧಾ 278 ಜನರನ್ನು ಹತ್ತಿಸಿಕೊಂಡು ಪೋರ್ಟ್ ಸುಡಾನ್ ಬಂದರು ಬಿಟ್ಟಿತು. ಒಟ್ಟು 3,800ಕ್ಕೂ ಹೆಚ್ಚು ಜನ ಊರು ಸೇರಿದರು, ಹುಡುಗನ ಅಪ್ಪನೂ ಬಂದರು. ಆದರೆ ಆ 72 ಗಂಟೆಯಲ್ಲೂ ರಾಜಧಾನಿ ಖಾರ್ಟೂಮಿನಲ್ಲಿ ಗುಂಡಿನ ಸದ್ದು ಅಡಗಿರಲಿಲ್ಲ. ಪರದೇಶದವರು ಹೊರಟುಹೋದರು, ಸುಡಾನಿನವರು ಅಲ್ಲೇ ಉಳಿದರು.

ಬಂದಮೇಲೆ ಹುಡುಗನ ಅಪ್ಪ ಹೇಳಿದ ಒಂದು ಸಂಗತಿ ನನ್ನ ಕಣ್ಣು ತೆರೆಸಿತು. ಎಲ್ ಫಾಶರ್‌ನಲ್ಲಿ ಊರಿನ ಹಿರಿಯರೂ ಅಲ್ಲಿನ ರಾಜ್ಯಪಾಲರೂ ಸೇರಿ ಎರಡೂ ಕಡೆಯವರನ್ನು ಕೂರಿಸಿ ಒಪ್ಪಂದ ಮಾಡಿಸಿದ್ದರಂತೆ. ಸೇನೆ ಒಂದು ಕಡೆ, ಆರ್‌ಎಸ್‌ಎಫ್ ಇನ್ನೊಂದು ಕಡೆ, ನಡುವೆ ಪೊಲೀಸರು. ಅದೇನೂ ಶಾಶ್ವತವಾಗಿ ಉಳಿಯಲಿಲ್ಲ. ಆದರೆ ದೊಡ್ಡ ದೇಶಗಳು ಘೋಷಿಸಿದ ಕದನವಿರಾಮಗಳಿಗಿಂತ ಚೆನ್ನಾಗಿ, ಕೆಲವು ವಾರ ಜನರಿಗೆ ಉಸಿರಾಡಲು ಬಿಟ್ಟಿತು. ಯಾರು ಮಾತು ಮುರಿದರು ಎಂದು ಹೇಳಬಲ್ಲವರು ಅದೇ ಬೀದಿಯಲ್ಲಿದ್ದರು. ವ್ಯತ್ಯಾಸ ಅಲ್ಲೇ ಇದೆ.

ಜೆಡ್ಡಾದಲ್ಲಿ ಏನಾಯಿತು ನೋಡಿ. ಸೌದಿ ಮತ್ತು ಅಮೆರಿಕದ ಮಧ್ಯಸ್ಥಿಕೆಯಲ್ಲಿ 2023ರ ಮೇ 11ರಂದು ನಾಗರಿಕರನ್ನು ರಕ್ಷಿಸುತ್ತೇವೆ ಎಂದು ಎರಡೂ ಪಡೆ ಸಹಿ ಹಾಕಿದವು. ಮೇ 20ರಂದು ಏಳು ದಿನಗಳ ಕದನವಿರಾಮಕ್ಕೆ ಸಹಿ, ಆಮೇಲೆ ಐದು ದಿನ ವಿಸ್ತರಣೆ. ಮೇ 31ಕ್ಕೆ ಸೇನೆ ಮಾತುಕತೆಯಿಂದ ಎದ್ದುಬಂತು. ಉಲ್ಲಂಘನೆಯನ್ನು ದೂರದಿಂದಲೇ ಗಮನಿಸುತ್ತಿದ್ದರೇ ಹೊರತು ಖಾರ್ಟೂಮಿನ ಓಣಿಯಲ್ಲಿ ನಿಂತು ಬರೆದುಕೊಳ್ಳುವವರು ಒಬ್ಬರೂ ಇರಲಿಲ್ಲ. ಮಾತು ಮುರಿದವನಿಗೆ ಅದರಿಂದ ನಷ್ಟವೂ ಇರಲಿಲ್ಲ. ಅಂಥ ಕದನವಿರಾಮ ಮದ್ದುಗುಂಡು ತುಂಬಿಕೊಳ್ಳಲು ಸಿಕ್ಕ ಬಿಡುವಾಗುತ್ತದೆ, ಅಷ್ಟೆ.

ಸುಡಾನಿನಲ್ಲಿ ಯಾವ ಕದನವಿರಾಮವೂ ಉಳಿಯದು ಎನ್ನುವವರಿಗೆ ನಾನು ನೂಬಾ ಬೆಟ್ಟಗಳ ಕತೆ ಹೇಳುತ್ತೇನೆ. 2002ರ ಜನವರಿಯಲ್ಲಿ ಸ್ವಿಟ್ಜರ್ಲೆಂಡಿನ ಬರ್ಗನ್‌ಸ್ಟಾಕ್‌ನಲ್ಲಿ ಸರ್ಕಾರಕ್ಕೂ ಅಲ್ಲಿನ ಬಂಡುಕೋರರಿಗೂ ಆದ ಒಪ್ಪಂದ ಅದು. ಅದರ ಜೊತೆಗೇ ಜಂಟಿ ಸೇನಾ ಆಯೋಗ ರಚಿಸಿದರು. ಸರ್ಕಾರದ ಕಡೆಯವರು, ಬಂಡುಕೋರರ ಕಡೆಯವರು, ಆಯುಧವಿಲ್ಲದ ವಿದೇಶಿ ವೀಕ್ಷಕರು ಒಟ್ಟಾಗಿ ಹಳ್ಳಿಗಳಿಗೆ ಹೋಗುತ್ತಿದ್ದರು. ದೂರು ಬಂದರೆ ಅಲ್ಲೇ ವಿಚಾರಣೆ. ಆರಾರು ತಿಂಗಳಿಗೆ ನವೀಕರಿಸುತ್ತಾ 2005ರ ದೊಡ್ಡ ಶಾಂತಿ ಒಪ್ಪಂದದವರೆಗೂ ಅದು ಉಳಿಯಿತು. ಅದೇ ದೇಶ, ಅದೇ ಹಗೆತನ. ನೋಡುವ ಕಣ್ಣು ಮಾತ್ರ ಸ್ಥಳದಲ್ಲೇ ಇತ್ತು.

ಇನ್ನು ಯುದ್ಧದ ಮೂಲ. ಇಬ್ಬರು ಸೇನಾನಿಗಳ ಜಗಳ ಎಂದುಬಿಡುತ್ತಾರೆ, ಅದು ಅರ್ಧ ಸತ್ಯ. 2018ರ ಡಿಸೆಂಬರಿನಲ್ಲಿ ರೊಟ್ಟಿಯ ಬೆಲೆ ಒಂದು ಪೌಂಡಿನಿಂದ ಮೂರಕ್ಕೆ ಏರಿದಾಗ ಜನ ಬೀದಿಗಿಳಿದರು. 30 ವರ್ಷ ಆಳಿದ ಒಮರ್ ಅಲ್ ಬಶೀರ್ 2019ರ ಏಪ್ರಿಲ್ 11ರಂದು ಉರುಳಿದ. ಆಗಸ್ಟಿನಲ್ಲಿ ಆದ ಒಪ್ಪಂದದಂತೆ ಹನ್ನೊಂದು ಜನರ ಸಾರ್ವಭೌಮ ಮಂಡಳಿ, ಮೊದಲ 21 ತಿಂಗಳು ಸೇನೆಯ ಅಧ್ಯಕ್ಷತೆ, ಮುಂದಿನ 18 ತಿಂಗಳು ನಾಗರಿಕರದ್ದು. ಪ್ರಧಾನಿ ಅಬ್ದಲ್ಲಾ ಹಮ್ದೋಕ್. ಅಧ್ಯಕ್ಷತೆ ಬಿಟ್ಟುಕೊಡುವ ಗಳಿಗೆ ಹತ್ತಿರವಾಗುತ್ತಿದ್ದಂತೆ, 2021ರ ಅಕ್ಟೋಬರ್ 25ರಂದು, ಸೇನೆಯ ಬುರ್ಹಾನ್ ಮತ್ತು ಆರ್‌ಎಸ್‌ಎಫ್‌ನ ಹೆಮೆಡ್ಟಿ ಕೈಜೋಡಿಸಿ ಸರ್ಕಾರವನ್ನು ಕೆಡವಿದರು. ಒಂದೂವರೆ ವರ್ಷದ ನಂತರ ಅವರೇ ಕಾದಾಟಕ್ಕಿಳಿದದ್ದು, ಆರ್‌ಎಸ್‌ಎಫ್ ಅನ್ನು ಸೇನೆಯಲ್ಲಿ ಎಷ್ಟು ವರ್ಷದಲ್ಲಿ ವಿಲೀನ ಮಾಡಬೇಕು ಎಂಬಲ್ಲಿ. ಸೇನೆ ಎರಡು ವರ್ಷ ಎಂದಿತು, ಹೆಮೆಡ್ಟಿ ಹತ್ತು ಎಂದರು. ನಾಗರಿಕರಿಗೆ ಅಧಿಕಾರ ಮರಳಿಸುವ ಮಾತುಕತೆಯ ಪಟ್ಟಿಯಲ್ಲಿದ್ದ ಒಂದು ಅಂಶವೇ ಯುದ್ಧವಾಯಿತು. ಹಾಗಿರುವಾಗ ಗುಂಡು ಮೊದಲು ನಿಲ್ಲಲಿ, ರಾಜಕೀಯ ಆಮೇಲೆ ಎಂದರೆ ಹೇಗೆ ನಿಂತೀತು?

ಹೊರಗಿನವರ ಪಾಲನ್ನೂ ಹೇಳಲೇಬೇಕು. ಆರ್‌ಎಸ್‌ಎಫ್‌ಗೆ ಯುಎಇಯಿಂದ ಚಾಡ್ ಮೂಲಕ ಶಸ್ತ್ರ ಬರುತ್ತಿದೆ ಎಂಬ ಆರೋಪ ನಂಬುವಂಥದ್ದು ಎಂದು ವಿಶ್ವಸಂಸ್ಥೆಯ ತಜ್ಞರು 2024ರಲ್ಲಿ ವರದಿ ಮಾಡಿದರು. ಯುಎಇ ಅಲ್ಲಗಳೆಯುತ್ತದೆ. ಈಜಿಪ್ಟ್ ಸುಡಾನಿನ ಸೇನೆಯ ಬೆನ್ನಿಗಿದೆ. 2025ರ ಸೆಪ್ಟೆಂಬರ್ 12ರಂದು ಮೂರು ತಿಂಗಳ ಮಾನವೀಯ ಕದನವಿರಾಮ, ಆಮೇಲೆ ಒಂಬತ್ತು ತಿಂಗಳಲ್ಲಿ ನಾಗರಿಕ ಆಡಳಿತದತ್ತ ದಾರಿ ಎಂದು ಕರೆ ಕೊಟ್ಟ ನಾಲ್ಕು ದೇಶಗಳಲ್ಲಿ ಈ ಎರಡೂ ಇವೆ. ನವೆಂಬರಿನಲ್ಲಿ ಆರ್‌ಎಸ್‌ಎಫ್ ಒಪ್ಪಿತು, ಸೇನೆ ಒಪ್ಪಲಿಲ್ಲ. ಆ ಹೊತ್ತಿಗೆ ಎಲ್ ಫಾಶರ್ ಆರ್‌ಎಸ್‌ಎಫ್ ಕೈಗೆ ಬಿದ್ದಾಗಿತ್ತು.

ಜನರ ಸರ್ಕಾರದ ಬಗ್ಗೆ ನನಗೆ ನಂಬಿಕೆ ಹೋಗಿಲ್ಲ. ಕಾರಣ ಒಂದೇ, ಅದರ ಬೇರು ಇನ್ನೂ ಒಣಗಿಲ್ಲ. ಹೋರಾಟದ ದಿನಗಳಲ್ಲಿ ಓಣಿ ಓಣಿಯಲ್ಲಿ ಹುಟ್ಟಿದ್ದ ಪ್ರತಿರೋಧ ಸಮಿತಿಗಳ ಹುಡುಗ ಹುಡುಗಿಯರೇ ಈಗ ತುರ್ತು ಸ್ಪಂದನಾ ಕೊಠಡಿಗಳೆಂಬ ನೆರವಿನ ಗುಂಪುಗಳನ್ನು ನಡೆಸುತ್ತಿದ್ದಾರೆ. ದೊಡ್ಡ ಹಂಡೆಗಳಲ್ಲಿ ಬೇಯಿಸಿ ಬಡಿಸುತ್ತಾರೆ, ಔಷಧಿ ಹೊಂದಿಸುತ್ತಾರೆ, ಯಾವ ಮನೆಯಲ್ಲಿ ಎಷ್ಟು ಮಕ್ಕಳಿದ್ದಾರೆಂದು ಅವರಿಗೆ ಗೊತ್ತು. ಸರ್ಕಾರ ಮಾಡಬೇಕಾದ ಕೆಲಸವನ್ನು ಸರ್ಕಾರವಿಲ್ಲದೆ ಮಾಡುತ್ತಿರುವವರು ಅವರು. ಕದನವಿರಾಮದ ಮೇಜಿನಲ್ಲಿ ಕುರ್ಚಿ ಸಿಗಬೇಕಾದದ್ದು, ಯಾರು ಮಾತು ಮುರಿದರೆಂದು ಹೇಳುವ ಹಕ್ಕು ಸಿಗಬೇಕಾದದ್ದು ಅವರಿಗೆ. ಬಂದೂಕು ಹಿಡಿದವರನ್ನಷ್ಟೇ ಕರೆದರೆ ಬಂದೂಕೇ ಪ್ರವೇಶಪತ್ರವಾಗುತ್ತದೆ.

ಹುಡುಗನ ಅಪ್ಪ ಎಲ್ ಫಾಶರ್‌ನಲ್ಲಿ ಬಾಡಿಗೆಗಿದ್ದ ಮನೆಯ ಯಜಮಾನ, ಗುಂಡಿನ ದಿನಗಳಲ್ಲಿ ಇವರಿಗೂ ಅಸೀದಾ ಕೊಡುತ್ತಿದ್ದರಂತೆ. ನಮ್ಮ ಮುದ್ದೆಯ ಥರದ್ದೇ ಅದು. 500 ದಿನ ಮೀರಿದ ಮುತ್ತಿಗೆಯ ನಡುವೆ ಆತ ಒಮ್ಮೆ ಸಂದೇಶ ಕಳಿಸಿದ್ದರು, ಈಗ ತಿನ್ನುತ್ತಿರುವುದು ಕಡಲೆಕಾಯಿ ಹಿಂಡಿ ಎಂದು. ದನಕ್ಕೆ ಇಡುವ ಹಿಂಡಿ. ಊರು ಬಿದ್ದದ್ದು 2025ರ ಅಕ್ಟೋಬರ್ 26ಕ್ಕೆ. ಆಮೇಲೆ ಆ ನಂಬರಿನಿಂದ ಏನೂ ಬಂದಿಲ್ಲ. ಇವರು ಕಳಿಸಿದ ಸಂದೇಶಗಳಿಗೆ ಇನ್ನೂ ಒಂದೇ ಟಿಕ್ ಬಿದ್ದಿದೆ.