ಪಾಟೀ ಸವಾಲಿಗೆ ಯಾರೂ ಸಿಗದ ವಿಚಾರಣೆ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಗಾರ್ಮೆಂಟ್ಸ್‌ನ ಪ್ಯಾಕಿಂಗ್ ವಿಭಾಗದಲ್ಲಿದ್ದ ನಿಮ್ಮ ತಮ್ಮನ ಮೇಲೆ ಬಟ್ಟೆ ಕದ್ದ ಆರೋಪ. ಕಾರ್ಖಾನೆಯೊಳಗಿನ ವಿಚಾರಣೆಯಲ್ಲಿ ಇಬ್ಬರು ಸಹೋದ್ಯೋಗಿಗಳು ಬರೆದುಕೊಟ್ಟ ಹೇಳಿಕೆಗಳನ್ನು ಓದಿದರು, ಅವರನ್ನು ಕರೆಸಲಿಲ್ಲ. ಆ ವಿಚಾರಣೆ ನ್ಯಾಯವಾಗಿ ನಡೆದಿಲ್ಲ ಎಂದು ಕಾರ್ಮಿಕ ನ್ಯಾಯಾಲಯ ಹೇಳಿದೆ. ಆದರೂ ಕೆಲಸ ವಾಪಸು ಕೊಡಿಸದೆ ಆಡಳಿತ ಮಂಡಳಿಗೇ ಹೊಸದಾಗಿ ಸಾಕ್ಷಿ ತರಲು ಬಿಟ್ಟಿದೆ. 'ಗೆದ್ದವರು ಮತ್ತೆ ಯಾಕೆ ಓಡಬೇಕು?' ಎಂದು ಕೇಳಿದ್ದೀರಿ.

ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಈಗ ತೀರ್ಮಾನವಾಗಿರುವುದು ವಿಚಾರಣೆ ನಡೆದ ರೀತಿ ಮಾತ್ರ. ಕಳವು ನಡೆಯಿತೇ ಎಂಬ ಪ್ರಶ್ನೆ ಹಾಗೇ ಉಳಿದಿದೆ. ಅದನ್ನು ನ್ಯಾಯಾಲಯದಲ್ಲೇ ರುಜುವಾತು ಮಾಡಲು ಮಾಲೀಕರಿಗೆ ಅವಕಾಶವುಂಟು. ಅದಕ್ಕೊಂದು ಕಟ್ಟುಪಾಡು ಇದೆ. ನಮ್ಮ ಕೆಎಸ್‌ಆರ್‌ಟಿಸಿಯ ಪ್ರಕರಣದಲ್ಲೇ, 2001ರಲ್ಲಿ, ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ಹೇಳಿದ್ದು: ಈ ಅವಕಾಶವನ್ನು ಮಾಲೀಕರು ನ್ಯಾಯಾಲಯಕ್ಕೆ ಉತ್ತರವಾಗಿ ಸಲ್ಲಿಸುವ ತಮ್ಮ ಲಿಖಿತ ಹೇಳಿಕೆಯಲ್ಲೇ ಕೇಳಿರಬೇಕು. ಅವರು ಕೇಳಿದ್ದರೇ? ಕಡತ ತೆಗೆಸಿ ನೋಡಿ. ಆದರೆ ಅಗತ್ಯ ಕಂಡರೆ ನ್ಯಾಯಾಲಯವೇ ಸಾಕ್ಷ್ಯ ಕೇಳಬಹುದು ಎಂಬುದೂ ನೆನಪಿರಲಿ.

ಎದುರಿನ ವಕೀಲರು ತೋರಿಸುತ್ತಿರುವ 1977ರ ಹರಿಯಾಣದ ಕಂಡಕ್ಟರ್ ತೀರ್ಪಿಗೆ ಹೆದರಬೇಡಿ. ಟಿಕೆಟ್ ಸಿಗದ ಪ್ರಯಾಣಿಕರ ಹೇಳಿಕೆ ಪಡೆಯದಿದ್ದರೂ ವಜಾ ಸರಿ ಎಂದು ಅಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು ನಿಜ. ಸಂಸ್ಥೆಯೊಳಗೆ ನಡೆಯುವ ಇಂಥ ವಿಚಾರಣೆಗೆ ಸಾಕ್ಷ್ಯ ಕಾಯ್ದೆಯ ಬಿಗಿ ನಿಯಮಗಳು ಅನ್ವಯಿಸುವುದಿಲ್ಲ ಎಂಬುದೂ ನಿಜ. ಆದರೆ ಅಲ್ಲಿ ಬಸ್ಸು ತಪಾಸಣೆ ಮಾಡಿದ ಇನ್‌ಸ್ಪೆಕ್ಟರ್ ಸಾಕ್ಷಿ ಹೇಳಿದ್ದರು. ನಿಮ್ಮ ತಮ್ಮನೆದುರು ನಿಂತವರು ಯಾರು? ಬರೀ ಎರಡು ಹಾಳೆ. ಹಾಳೆಗೆ ಪಾಟೀ ಸವಾಲು ಹಾಕುವುದು ಹೇಗೆ? 1963ರ ಮೀನ್‌ಗ್ಲಾಸ್ ಟೀ ಎಸ್ಟೇಟ್ ಪ್ರಕರಣದಲ್ಲಿ ಸಾಕ್ಷಿಗಳನ್ನೇ ಕರೆಸದೆ ಕಾರ್ಮಿಕರನ್ನಷ್ಟೇ ಪ್ರಶ್ನಿಸಿದ್ದರು. ಆರೋಪಕ್ಕೆ ಆಧಾರವಾದ ಸಾಕ್ಷ್ಯ ಕೇಳುವ, ಸಾಕ್ಷಿಗಳನ್ನು ಪ್ರಶ್ನಿಸುವ ಅವಕಾಶ ಸಿಗಲೇಬೇಕು ಎಂದು ಕೋರ್ಟ್ ಆಗಲೇ ಹೇಳಿತ್ತು. ಆರೋಪ ನಿಜವೇ ಆಗಿದ್ದರೂ ಆ ಅವಕಾಶ ಕಿತ್ತುಕೊಳ್ಳುವುದು ತಪ್ಪು ಎಂದೇ ನಾನು ನಂಬಿದ್ದೇನೆ.

ಈಗ ಆ ಇಬ್ಬರೂ ಕಟಕಟೆಗೆ ಬರಬೇಕಾಗಬಹುದು. ಮೊದಲ ಆದೇಶದ ಸಂತೋಷದಲ್ಲಿ ತಯಾರಿ ಬಿಡಬೇಡಿ. ಆ ದಿನದ ಹಾಜರಿ ಪುಸ್ತಕ, ಗೇಟ್ ಪಾಸ್ ರಿಜಿಸ್ಟರ್, ಸ್ಟಾಕ್ ಲೆಕ್ಕ ಹಾಜರುಪಡಿಸುವಂತೆ ಆದೇಶಿಸಲು ಅರ್ಜಿ ಹಾಕಿಸಿ. ಹೇಳಿಕೆ ಬರೆದವರು ಆ ಹೊತ್ತಿಗೆ ಯಾವ ಪಾಳಿಯಲ್ಲಿದ್ದರು ಎಂಬುದನ್ನೂ ಅದರಲ್ಲೇ ನೋಡಬಹುದು.