ಹೃದಯಾಘಾತವಾಗದವರಿಗೆ ಆಸ್ಪಿರಿನ್ ನಿಲ್ಲಿಸುವುದೇಕೆ?

ನಿಮ್ಮ ತಂದೆಯವರಿಗೆ 74 ವರ್ಷ, ಹೃದಯಾಘಾತವಾಗಲಿ ಪಾರ್ಶ್ವವಾಯುವಾಗಲಿ ಆದದ್ದಿಲ್ಲ. ಹಳೆಯ ವೈದ್ಯರು ಮುನ್ನೆಚ್ಚರಿಕೆಗೆಂದು ಬರೆದುಕೊಟ್ಟಿದ್ದ ಆಸ್ಪಿರಿನ್ ಮಾತ್ರೆಯನ್ನು ಹೊಸ ವೈದ್ಯರು ನಿಲ್ಲಿಸಿದ್ದಾರೆ, ಇಬ್ಬರಲ್ಲಿ ಯಾರು ಸರಿ ಎಂದು ಕೇಳಿದ್ದೀರಿ. ನನ್ನ ಅಭಿಪ್ರಾಯದಲ್ಲಿ ಇಬ್ಬರೂ ತಮಗೆ ಆಗ ಲಭ್ಯವಿದ್ದ ಪುರಾವೆಯಂತೆಯೇ ನಡೆದಿದ್ದಾರೆ.

1988ರಲ್ಲಿ ಪ್ರಕಟವಾದ ಐಸಿಸ್-2 ಅಧ್ಯಯನದಲ್ಲಿ, ಹೃದಯಾಘಾತದ ಶಂಕೆಯಿಂದ ಆಸ್ಪತ್ರೆ ಸೇರಿದ ಸುಮಾರು 17 ಸಾವಿರ ರೋಗಿಗಳ ಪೈಕಿ ಆಸ್ಪಿರಿನ್ ಪಡೆದವರಲ್ಲಿ ಸಾವು ಸ್ಪಷ್ಟವಾಗಿ ಕಡಿಮೆಯಾಗಿತ್ತು. ಆ ಲಾಭ ಆರೋಗ್ಯವಂತರಿಗೂ ಸಿಕ್ಕೀತೆಂಬ ನಿರೀಕ್ಷೆ ಸಹಜವೇ, ಆದರೆ ಅದನ್ನು ಬೇರೆಯಾಗಿ ಪರೀಕ್ಷಿಸಬೇಕಿತ್ತು. ಆಸ್ಟ್ರೇಲಿಯಾ ಮತ್ತು ಅಮೆರಿಕದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಆಸ್ಪ್ರೀ ಅಧ್ಯಯನದಲ್ಲಿ, ಹೃದ್ರೋಗವಿಲ್ಲದ, ಬಹುಪಾಲು 70 ದಾಟಿದ 19,114 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ದಿನಕ್ಕೆ 100 ಮಿಲಿಗ್ರಾಂ ಆಸ್ಪಿರಿನ್, ಇನ್ನೊಂದಕ್ಕೆ ಅದರಂತೆಯೇ ಕಾಣುವ ಔಷಧವಿಲ್ಲದ ಮಾತ್ರೆ ಕೊಟ್ಟು, ಯಾರಿಗೆ ಯಾವುದು ಎಂಬುದು ಸೇವಿಸುವವರಿಗೂ ವೈದ್ಯರಿಗೂ ತಿಳಿಯದಂತೆ ನೋಡಿಕೊಂಡು, ಐದು ವರ್ಷಗಳಷ್ಟು ಕಾಲ ಗಮನಿಸಲಾಯಿತು. ಹೃದ್ರೋಗವೇನೂ ಹೇಳಿಕೊಳ್ಳುವಷ್ಟು ತಗ್ಗಲಿಲ್ಲ. ಗಂಭೀರ ರಕ್ತಸ್ರಾವ ಮಾತ್ರ ಔಷಧವಿಲ್ಲದ ಮಾತ್ರೆಯ ಗುಂಪಿನಲ್ಲಿ ಶೇ. 2.8 ಇದ್ದರೆ ಆಸ್ಪಿರಿನ್ ಗುಂಪಿನಲ್ಲಿ ಶೇ. 3.8 ಇತ್ತು. ನೂರಕ್ಕೆ ಒಬ್ಬರಷ್ಟೇ ಹೆಚ್ಚಲ್ಲವೇ ಎನಿಸಬಹುದು, ಆದರೆ ಮೆದುಳಿನಲ್ಲೋ ಜಠರದಲ್ಲೋ ಆಗುವ ರಕ್ತಸ್ರಾವ ಆ ವಯಸ್ಸಿನಲ್ಲಿ ಸಣ್ಣ ಮಾತಲ್ಲ.

ಸ್ಟೆಂಟ್ ಹಾಕಿಸಿಕೊಂಡವರಿಗೆ, ಬೈಪಾಸ್ ಆದವರಿಗೆ ಈ ಫಲಿತಾಂಶ ಅನ್ವಯಿಸುವುದಿಲ್ಲ. ಅಂಥವರು ಇದನ್ನು ಓದಿ ಮಾತ್ರೆ ಬಿಡಬಾರದು. ತಂದೆಯವರ ಹಳೆಯ ಕಡತದಲ್ಲಿ ಆಂಜಿಯೋಗ್ರಾಮ್ ವರದಿ ಏನಾದರೂ ಇದ್ದರೆ ಅದನ್ನು ಹೊಸ ವೈದ್ಯರಿಗೆ ತಪ್ಪದೆ ತೋರಿಸಿ.