ಒಂದು ಭೇಟಿಗೆ ಒಂದೇ ಅಪಾಯ

ಉಡುಪಿ ತಾಲೂಕಿನ ಹಿರಿಯ ಪ್ರಾಥಮಿಕ ಶಾಲೆಯೊಂದರ ಶಿಕ್ಷಕಿ ಬರೆದಿದ್ದಾರೆ: "ಕಳೆದ ಮಳೆಗಾಲ ಮಕ್ಕಳ ಸಾಹಿತಿಯೊಬ್ಬರನ್ನು ಕರೆಸಿ ಸುರಕ್ಷತೆಯ ಕತೆ ಓದಿಸಿದೆವು. ಒಂದರಿಂದ ಏಳನೆಯವರೆಗಿನ 140 ಮಕ್ಕಳು ಒಂದೂವರೆ ಗಂಟೆ ಕೂತರು. ರಸ್ತೆ, ಬೆಂಕಿ, ನೀರು, ಅಪರಿಚಿತರು ಎಲ್ಲವೂ ಬಂತು. ಮರುವಾರವೇ ನಾಲ್ಕನೆಯ ತರಗತಿಯ ಹುಡುಗರು ತುಂಬಿದ ತೋಡಿನ (ಹಳ್ಳದ) ದಂಡೆಯಲ್ಲಿ ಸಿಕ್ಕಿದರು. ಈ ಸಲ ಹೇಗೆ ಮಾಡಲಿ?"

ನಮಸ್ಕಾರ ಟೀಚರ್. ಆ ಹುಡುಗರು ಕತೆ ಕೇಳಲಿಲ್ಲ ಎಂದುಕೊಳ್ಳಬೇಡಿ. ನಾಲ್ಕು ಅಪಾಯಗಳನ್ನು ಒಂದೇ ಉಸಿರಿಗೆ ಕೇಳಿದ ಮಗುವಿನಲ್ಲಿ ಉಳಿಯುವುದು 'ಜಾಗ್ರತೆ' ಎಂಬ ಮಾತು ಮಾತ್ರ. ದಂಡೆಯಲ್ಲಿ ನಿಂತಾಗ ಆ ಮಾತಿನಿಂದ ಏನೂ ಆಗುವುದಿಲ್ಲ. ಒಂದು ಭೇಟಿಗೆ ಒಂದೇ ಅಪಾಯ ಇಟ್ಟುಕೊಳ್ಳಿ. ನಮ್ಮ ಕರಾವಳಿಗೆ, ಜೂನ್ ತಿಂಗಳಿಗೆ, ಅದು ನೀರು.

ಲೇಖಕರಿಗೆ ಫೋನ್ ಮಾಡುವ ಮೊದಲು ಮಕ್ಕಳು ಬರುವ ದಾರಿಗಳಲ್ಲಿ ಒಮ್ಮೆ ನಡೆದು ಬನ್ನಿ. ಕಾಲುಸಂಕ (ನಡೆದು ದಾಟುವ ಕಿರುಸೇತುವೆ) ಎಲ್ಲಿದೆ, ಹಿಡಿಯಲು ಆಧಾರವಿದೆಯೇ, ಕಟ್ಟೆಯಿಲ್ಲದ ಬಾವಿ ಯಾವ ತೋಟದಲ್ಲಿದೆ ಎಂದು ಬರೆದುಕೊಳ್ಳಿ. ಕೆಂಪುಕಲ್ಲು ತೆಗೆದು ಬಿಟ್ಟ ಕೋರೆಯಿದ್ದರೆ ಅದನ್ನೇ ಮೊದಲು ಬರೆಯಿರಿ. ಕೆರೆಯ ಹಾಗೆ ಕೋರೆಗೆ ಇಳಿಜಾರು ಇರುವುದಿಲ್ಲ, ಕಲ್ಲನ್ನು ನೇರ ಗೋಡೆಯಂತೆ ಕಡಿದಿರುತ್ತಾರೆ. ಒಂದು ಹೆಜ್ಜೆ ತಪ್ಪಿದರೆ ನೆಲ ಸಿಗದು, ಪಾಚಿ ಹಿಡಿದ ಅಂಚಿನಲ್ಲಿ ಕೈಗೆ ಹಿಡಿತವೂ ಸಿಗದು. ಕೆಂಪು ನೀರಿನಲ್ಲಿ ಆಳ ಕಾಣುವುದಿಲ್ಲ. ಈ ಪಟ್ಟಿಯನ್ನು ಫೋಟೋ ಸಮೇತ ಲೇಖಕರಿಗೆ ಕಳಿಸಿ. ಬೇರೆ ಊರಿನವರಿಗೆ ಇದು ಗೊತ್ತಿರಲಾರದು.

ಅವರು ಓದಲಿರುವ ಪುಟಗಳನ್ನು ಒಂದು ವಾರ ಮೊದಲೇ ತರಿಸಿ ಓದಿ. ಮಗು ಸಾಯುವ ಕತೆ ಒಂದರಿಂದ ಮೂರನೆಯವರಿಗೆ ಬೇಡ. ಹೆದರಿದ ಮಗು ನೀರಿಗೆ ಹೋಗುವುದನ್ನು ಬಿಡುವುದಿಲ್ಲ, ಹೋದದ್ದನ್ನು ಹೇಳುವುದನ್ನು ಬಿಡುತ್ತದೆ. ಇದಕ್ಕಿಂತ ಅಪಾಯದ್ದು, ಗೆಳೆಯನನ್ನು ಉಳಿಸಲು ಹುಡುಗ ಹೊಳೆಗೆ ಹಾರಿ ಹೊಗಳಿಸಿಕೊಳ್ಳುವ ಕತೆ. ಮುಳುಗುವವನು ಕೈಗೆ ಸಿಕ್ಕಿದವರನ್ನು ಬಿಗಿಯಾಗಿ ಹಿಡಿದು ಕೆಳಕ್ಕೆ ಎಳೆಯುತ್ತಾನೆ. ಒಂದು ಜೀವದ ಜಾಗದಲ್ಲಿ ಎರಡು ಹೋಗುತ್ತವೆ. ಅಂಥ ಪುಟವಿದ್ದರೆ ಸಂಕೋಚಪಡದೆ ಬದಲಾಯಿಸಲು ಕೇಳಿ. ಒಪ್ಪದಿದ್ದರೆ ಬೇರೆ ಕತೆ ಓದಿಸಿ.

ಎಲ್ಲರನ್ನೂ ಒಟ್ಟಿಗೆ ಕೂರಿಸಬೇಡಿ. ನಲಿ-ಕಲಿ (ಒಂದರಿಂದ ಮೂರನೆಯ ತರಗತಿಯ) ಮಕ್ಕಳಿಗೆ 25 ನಿಮಿಷ, ನಾಲ್ಕು-ಐದಕ್ಕೆ 40, ಆರು-ಏಳಕ್ಕೆ ಬೇರೆಯೇ. ಒಂದು ಗುಂಪಿನಲ್ಲಿ 30-35 ಮಕ್ಕಳು, ಅರ್ಧಚಂದ್ರಾಕಾರದಲ್ಲಿ ಮೂರು ಸಾಲು. ಕೊನೆಯ ಸಾಲು 10-12 ಅಡಿಯೊಳಗಿದ್ದರೆ ಪುಸ್ತಕದ ಚಿತ್ರ ಕಾಣುತ್ತದೆ. ತಗಡಿನ ಮಾಡಿನ ಕೋಣೆ ಬೇಡ, ಮಳೆ ಜೋರಾದರೆ ಮೈಕಿನ ಸ್ವರವೂ ಕೇಳದು. ಬಿಸಿಯೂಟಕ್ಕೆ ಮೊದಲೇ ಮುಗಿಸಿ. ಮಳೆಗೆ ರಜೆ ಘೋಷಣೆಯಾದರೆ ಎಂದು ಎರಡನೆಯ ದಿನವನ್ನೂ ಗೊತ್ತುಮಾಡಿಟ್ಟಿರಿ. ಬಸ್ಸಿನ ಖರ್ಚು, ಸಂಭಾವನೆ ಮೊದಲೇ ಮಾತಾಡಿ. ಪುಸ್ತಕ ಕೊಳ್ಳಲೇಬೇಕೆಂದು ಮಕ್ಕಳಿಗೆ ಹೇಳಬೇಡಿ. ಎರಡು ಮೂರು ಪ್ರತಿ ಶಾಲೆಗೆ ಕೊಂಡರೆ ಸಾಕು.

ಕತೆಯಲ್ಲಿ ಚಪ್ಪಲಿ ತೋಡಿಗೆ ಬೀಳುವಲ್ಲಿ ಓದು ನಿಲ್ಲಲಿ. "ಈಗ ಏನು ಮಾಡಬೇಕು?" ಎಂದು ಕೇಳಿ, ಉತ್ತರವನ್ನು ಬಾಯಲ್ಲಿ ಹೇಳಿಸದೆ ಎದ್ದು ಮಾಡಿಸಿ. ಜಗಲಿಯಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದರೆ ಅದೇ ದಂಡೆ. ಚಿಕ್ಕವರಿಗೆ ಎರಡೇ ಕೆಲಸ: ಹಿಂದೆ ಸರಿ, ಕೂಗುತ್ತಾ ದೊಡ್ಡವರ ಬಳಿಗೆ ಓಡು. ಕೂಗು ಮನೆಯ ಮಾತಿನಲ್ಲೇ ಇರಲಿ. ಗಾಬರಿಯಲ್ಲಿ ಗಂಟಲಿಗೆ ಬರುವುದು "ಬಲೆ, ಬಲೆ" (ಬನ್ನಿ, ಬನ್ನಿ) ಎಂಬ ತುಳುವೇ ಹೊರತು ಪಠ್ಯಪುಸ್ತಕದ ಕನ್ನಡವಲ್ಲ. ಆರು-ಏಳನೆಯವರಿಗೆ ಎಸೆಯುವುದನ್ನೂ ಕಲಿಸಬಹುದು. 5 ಲೀಟರಿನ ಖಾಲಿ ಎಣ್ಣೆ ಕ್ಯಾನಿಗೆ ಒಂದು ಲೋಟ ನೀರು ಹಾಕಿ ಮುಚ್ಚಳ ಬಿಗಿಯಿರಿ, ಪೂರ್ತಿ ಖಾಲಿಯಿದ್ದರೆ ಗಾಳಿಗೆ ದೂರ ಹೋಗದು. ಹಿಡಿಗೆ 10 ಮೀಟರ್ ಹಗ್ಗ ಕಟ್ಟಿ. ಎಸೆದ ತಕ್ಷಣ ಮಗು ನೆಲದಲ್ಲಿ ಮಲಗಬೇಕು, ನಿಂತೇ ಎಳೆದರೆ ತಾನೂ ಜಾರುತ್ತದೆ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು; ತನ್ನನ್ನೇ ಎಳೆದರೆ ಬಿಟ್ಟುಬಿಡಬೇಕು. ಒಬ್ಬರು ಎಸೆಯುವಾಗ ಇನ್ನೊಬ್ಬರು ದೊಡ್ಡವರನ್ನು ಕರೆಯಲು ಓಡಲಿ, ಆ ದೊಡ್ಡವರು ತುರ್ತು ಸಹಾಯದ 112ಕ್ಕೆ ಫೋನ್ ಮಾಡಲಿ. ಎರಡು ವಾರ ಬಿಟ್ಟು ಲೇಖಕರಿಲ್ಲದೆ ನೀವೇ ಇದನ್ನು ಮತ್ತೊಮ್ಮೆ ಮಾಡಿಸಿ. ಸಿಡಿಲಿನ ಕತೆ ಅಕ್ಟೋಬರಿಗಿರಲಿ.

ಒಳ್ಳೆಯ-ಕೆಟ್ಟ ಮುಟ್ಟುವಿಕೆಯ ವಿಷಯದ ಓದನ್ನು ಇದರ ಜೊತೆ ಸೇರಿಸಲೇಬೇಡಿ. ಅದನ್ನು ಬೇರೆ ದಿನ ಇಟ್ಟಾಗ ಮಗು ಎಲ್ಲರೆದುರು ಏನಾದರೂ ಹೇಳಿದರೆ ಕೆದಕದೆ ಕೇಳಿಸಿಕೊಳ್ಳಿ, ಆಮೇಲೆ ಒಬ್ಬರೇ ಪಕ್ಕದಲ್ಲಿ ಕೂತು ಮಾತಾಡಿಸಿ. 1098 ಮಕ್ಕಳ ಸಹಾಯವಾಣಿ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ನಮ್ಮ ಕರ್ತವ್ಯ, ಶಾಲೆಯೊಳಗೆ ಮುಗಿಸುವ ವಿಷಯವಲ್ಲ.

ಇನ್ನೊಂದು ಮಾತು. ಹುಡುಗರು ತೋಡಿಗೆ ಇಳಿಯುವುದು ಆಟಕ್ಕಾಗಿ ಮಾತ್ರವಲ್ಲ, ತೇಲಿಹೋದ ಚಪ್ಪಲಿಗಾಗಿ, ಕೊಡೆಗಾಗಿ, ಮನೆಯಲ್ಲಿ ಬೈಗುಳ ಬೀಳುತ್ತದೆಂಬ ಹೆದರಿಕೆಗಾಗಿ. ಓದು ನಡೆದ ಸಂಜೆ ಪ್ರತಿ ಮನೆಗೂ ಒಂದು ಚೀಟಿ ಕಳಿಸಿ: "ಈ ಮಳೆಗಾಲದಲ್ಲಿ ಚಪ್ಪಲಿ ಹೋದರೆ ನಾವು ಬೈಯುವುದಿಲ್ಲ." ಅಪ್ಪ ಅಮ್ಮ ಅದನ್ನು ಮಗುವಿಗೆ ಓದಿ ಹೇಳಿ, ಸಹಿ ಹಾಕಿ ಕಳಿಸಲಿ.